ಕುಳಿತುಕೊಳ್ಳಬಾರದ ಫರಸಿ

ಬರೆಯುವ ಮೊದಲೇ ಒಂದು ವಿನಂತಿ. ನಾನು ಕಚೇರಿಯಲ್ಲಿ ಟಿಪ್ಪಣಿ ಬರೆಯುವವಳು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭಿಸದೆ ಏನನ್ನಾದರೂ ಹೇಳುವುದು ನನಗೆ ಸುಲಭವಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳಾದ್ದರಿಂದ, ತಪ್ಪಿದರೆ ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಪ್ರತಿಯೊಂದು ವಾಕ್ಯವನ್ನೂ ಹಿಂದಿರುಗಿ ಓದಿ, ಅದು ನೆಟ್ಟಗೆ ನಿಂತಿದೆಯೇ ಎಂದು ನೋಡಿಕೊಂಡೇ ಮುಂದೆ ಹೋಗುವ ಅಭ್ಯಾಸ ಬೆಳೆದಿದೆ. ಇಷ್ಟಾದರೂ ಹೇಳಬೇಕಾದುದನ್ನು ಬಿಟ್ಟು ಬೇಡವಾದುದನ್ನು ಬೆಳೆಸಿದ್ದರೆ, ಓದುಗರು ನಮ್ಮ ಪಡಸಾಲೆಗೆ ಬಂದ ನೆಂಟರಂತೆ ತುಸು ಸರಿದು ಕುಳಿತು ಕ್ಷಮಿಸಬೇಕು. ಎಲ್ಲಿ ಕುಳಿತುಕೊಳ್ಳಬೇಕು ಎಂಬುದೇ ಈ ಬರಹದ ವಿಷಯವಾದ್ದರಿಂದ, ಆ ಕುರಿತು ಮುಂದೆ ವಿವರವಾಗಿ ನಿವೇದಿಸಿಕೊಳ್ಳುತ್ತೇನೆ.

ಮೊನ್ನೆ ಬೆಳಿಗ್ಗೆ ವಾಡಿಯಿಂದ ಚಿತ್ತಾಪುರದ ಕಚೇರಿಗೆ ಹೋಗಲು ಪ್ಯಾಸೆಂಜರ್ ರೈಲಿನಲ್ಲಿ ಕುಳಿತಿದ್ದೆ. ಸೇಡಂ ಸಂತೆಗೆ ಬದನೆಕಾಯಿ ಒಯ್ಯುತ್ತಿದ್ದ ಹೆಣ್ಣುಮಗಳೊಬ್ಬಳು ಎದುರಿಗೆ ಕುಳಿತು ನನ್ನನ್ನೇ ಬಹಳ ಹೊತ್ತು ನೋಡಿದಳು. ಕೊನೆಗೆ ತಡೆಯಲಾರದೆ ಹೇಳಿದಳು:

“ಯಕ್ಕಾ, ನಿಮ್ಮ ಸೆರಗಿಗಿ ಮೀನ ಹತ್ತ್ಯದ ನೋಡ್ರಿ.”

ನೋಡಿದರೆ ನಿಜ. ನೀಲಿ ಕಾಗದದ ಮೀನೊಂದು ಗೋಂದಿನ ಬಲದಿಂದ ನನ್ನ ಇಸ್ತ್ರಿಯ ಸೀರೆಯನ್ನು ಕಚ್ಚಿಕೊಂಡಿತ್ತು. ಕೀಳಲು ಹೋದರೆ ಬಾಲವಷ್ಟೇ ಕೈಗೆ ಬಂದಿತು. “ಇರ್ಲಿ ಬಿಡ್ರಿ, ಚಂದ ಕಾಣ್ತದ,” ಎಂದು ಆಕೆ ಸಮಾಧಾನ ಹೇಳಿದಳು. ಆ ದಿನವಿಡೀ ನಾನು ಬಾಲವಿಲ್ಲದ ಮೀನಿನೊಡನೆ ಕಚೇರಿಯ ಕೆಲಸ ಮಾಡಿದೆ. ಕಡತ ಹಿಡಿದು ಸಾಹೇಬರ ಮುಂದೆ ನಿಂತಾಗ ಅವರು ಕಡತವನ್ನೊಮ್ಮೆ, ಮೀನನ್ನೊಮ್ಮೆ ನೋಡಿ, ಏನೂ ಕೇಳದೆ ಸಹಿ ಮಾಡಿದರು. ಸಾಮಾನ್ಯವಾಗಿ ಅವರು ಕೇಳದೆ ಸಹಿ ಮಾಡುವವರಲ್ಲ.

ಆ ಮೀನು ನಮ್ಮ ಮನೆಯ ಕಲ್ಲಿನ ಮೇಜಿನಿಂದ ಬಂದದ್ದು. ಅದನ್ನು ಮೇಜು ಎಂದು ಕರೆಯುವ ಹಕ್ಕನ್ನು ನಾವು ಎಷ್ಟು ಕಷ್ಟಪಟ್ಟು ಸಂಪಾದಿಸಿದೆವು ಎಂಬುದು ಸೆರಗನ್ನು ಮಡಚಿ ಬಚ್ಚಿಟ್ಟುಕೊಂಡು ಕುಳಿತ ಹೊತ್ತಿನಲ್ಲಿ ನೆನಪಾಯಿತು.

ಮೊದಲು ಫರಸಿಯ ವಿಷಯ ಹೇಳಬೇಕು. ಶಹಾಬಾದಿನ ಹಾಸುಗಲ್ಲಿಗೆ ನಮ್ಮ ಕಡೆ ಫರಸಿ ಎನ್ನುತ್ತೇವೆ. ಬೇರೆ ಊರಿನವರಿಗೆ ಅದು ನೆಲಕ್ಕೆ ಹಾಸುವ ಕಲ್ಲು. ನಮಗೆ ಅದು ನೆಲ, ಗೋಡೆ, ಮಾಳಿಗೆ, ಬೇಲಿ, ಬಟ್ಟೆ ಒಗೆಯುವ ಬಂಡೆ, ಡಬ್ಬಿ ಇಡುವ ಗೂಡು, ಗಟಾರದ ಮುಚ್ಚಳ. ನಮ್ಮಲ್ಲಿ ಮನೆ ಕಟ್ಟಿಸುವವರು ಮರಕ್ಕಾಗಿ ಯೋಚಿಸುತ್ತಾರೆ, ಕಬ್ಬಿಣಕ್ಕಾಗಿ ಯೋಚಿಸುತ್ತಾರೆ. ಫರಸಿಗಾಗಿ ಯಾರೂ ಯೋಚಿಸುವುದಿಲ್ಲ, ಗಾಳಿಗಾಗಿ ಯೋಚಿಸದ ಹಾಗೆ. ನಾನು ಅಕ್ಷರ ಕಲಿತದ್ದು ಕೂಡ ಶಾಲೆಯ ಫರಸಿಯ ಮೇಲೆ. ಬಳಪದಿಂದ ಬರೆಯುವುದು, ಅಂಗೈಯಿಂದ ಒರೆಸುವುದು, ಆ ಅಂಗೈಯನ್ನು ಲಂಗಕ್ಕೆ ಒರೆಸುವುದು. ಸಂಜೆ ಲಂಗವನ್ನು ನೋಡಿಯೇ ನನ್ನ ಅವ್ವ ಆ ದಿನದ ಪಾಠ ಎಷ್ಟಾಗಿದೆ ಎಂದು ಅಂದಾಜು ಮಾಡುತ್ತಿದ್ದಳು.

ನನ್ನ ತವರು ಗುಂಡಗುರ್ತಿ. ಮನೆ ಎಂದರೆ ಒಂದೇ ಕೋಣೆ, ಮುಂದೆ ಒಂದು ಅಂಕಣ. ಜೋಳ ಹಸನು ಮಾಡುವುದು, ಊಟ ಮಾಡುವುದು, ಓದುವುದು, ಮಲಗುವುದು ಎಲ್ಲವೂ ಅಲ್ಲಿಯೇ, ಒಂದಾದ ಮೇಲೆ ಒಂದು. ಜೋಳದ ರಾಶಿಯ ಕಾಲದಲ್ಲಿ ನಾವು ಹುಡುಗಿಯರು ದಂಟಿನ ಬೆಂಡಿನಿಂದ ಬಂಡಿ ಮಾಡುತ್ತಿದ್ದೆವು. ನೊಗ, ಗಾಲಿ, ಮೂಕಿ ಎಲ್ಲವೂ ಇರಬೇಕು; ಎತ್ತಿಗೆ ಕೊಂಬು ಇರಲೇಬೇಕು. ಕೊಂಬಿನ ತನಕ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ದೀಪ ಹಚ್ಚುವ ಮೊದಲು ಮನೆ ಗುಡಿಸಬೇಕು, ಹಚ್ಚಿದ ಮೇಲೆ ಗುಡಿಸಬಾರದು ಎಂಬುದು ಎಲ್ಲ ಮನೆಗಳ ನಿಯಮ. ಅವ್ವ ಗುಡಿಸುತ್ತಿದ್ದಳು. ನನ್ನ ಬಂಡಿ ಒಲೆ ಸೇರುತ್ತಿತ್ತು. ಇದರಲ್ಲಿ ಅವ್ವನ ತಪ್ಪೇನೂ ಇಲ್ಲ. ಒಣಗಿದ ದಂಟು ಚೆನ್ನಾಗಿ ಉರಿಯುತ್ತದೆ, ಮತ್ತು ಆ ಉರಿಯಲ್ಲಿ ಬೆಂದ ರೊಟ್ಟಿಯನ್ನು ನಾನೂ ತಿಂದಿದ್ದೇನೆ. ಆದರೆ ನನ್ನ ಎತ್ತುಗಳಿಗೆ ಕೊಂಬು ಬಂದದ್ದನ್ನು ನಾನು ಎಂದೂ ನೋಡಲಿಲ್ಲ.

ಈಗ ವಾಡಿಯಲ್ಲಿ ನಮ್ಮದೇ ಒಂದು ಸಣ್ಣ ಮನೆ ಇದೆ. ನಮ್ಮವರು ಸಿಮೆಂಟ್ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿದ್ದಾರೆ. ಕೊಡ್ಲಿ ಎಂಬ ಊರಿನಿಂದ ಬಂದ ಅತ್ತೆ ಶಾಂತಬಾಯಿ ನಮ್ಮೊಡನಿದ್ದಾರೆ. ಮಕ್ಕಳು ಅವರನ್ನು ಆಯಿ ಎನ್ನುತ್ತಾರೆ. ಮಗಳು ಸಹನಾ ನಾಲ್ಕನೆಯ ಇಯತ್ತೆಯಲ್ಲಿ, ಮಗ ಓಂಕಾರ ಒಂದನೆಯದರಲ್ಲಿ ಓದುತ್ತಾರೆ. ಓಂಕಾರನು ಸದಾ ಮಾತನಾಡುತ್ತಾನೆ. ಸಹನಾ ಸದಾ ಏನನ್ನಾದರೂ ಕತ್ತರಿಸಿ ಅಂಟಿಸುತ್ತಾಳೆ. ಔಷಧದ ಡಬ್ಬಿ, ಬಿಸ್ಕತ್ತಿನ ಹೊದಿಕೆ, ಲಗ್ನಪತ್ರಿಕೆ, ಯಾವುದೂ ಅವಳ ಕೈಗೆ ಸಿಕ್ಕಿ ಮೊದಲಿನಂತೆ ಉಳಿಯುವುದಿಲ್ಲ. ಅವಳಿಗೆ ವಾಡಿಯ ರೈಲು ನಿಲ್ದಾಣವನ್ನು ಮಾಡುವ ಆಸೆ ಇತ್ತು. ಮೇಲ್ಸೇತುವೆ, ಗಡಿಯಾರ, ಚಹಾದ ಗಾಡಿ ಸಹಿತ.

ನಾನು ಗಮನಿಸಿದ್ದು ತಡವಾಗಿ. ನಮ್ಮ ಪಡಸಾಲೆಯಲ್ಲಿಯೂ ಊಟ ಅಲ್ಲಿಯೇ, ನೆಂಟರು ಅಲ್ಲಿಯೇ, ಹಾಸಿಗೆಯೂ ಅಲ್ಲಿಯೇ. ದೀಪ ಹಚ್ಚುವ ಮೊದಲು ಅತ್ತೆಯವರು ಪೊರಕೆ ಹಿಡಿಯುತ್ತಾರೆ. “ಏ ಸಹನಾ, ಎತ್ತ ನಿನ್ನ ಪಸಾರಾ,” ಎಂದು ಕೂಗಿದ ಕೂಡಲೇ ಮಗಳು ಅರ್ಧ ಅಂಟಿದ ನಿಲ್ದಾಣವನ್ನು ಎತ್ತಿ ಮಂಚದ ಕೆಳಗೆ ತಳ್ಳುತ್ತಿದ್ದಳು. ಹಸಿ ಗೋಂದು ಮಂಚದ ಕೆಳಗಿನ ಚಪ್ಪಲಿಯೊಡನೆ ಸ್ನೇಹ ಬೆಳೆಸುತ್ತಿತ್ತು. ಒಂದು ದಿನ ಅವಳ ಕೆಲಸವನ್ನೆಲ್ಲ ಸಾಲಾಗಿಟ್ಟು ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಮೊದಲು ಬೂಟಿನ ಡಬ್ಬಿಯ ಗಾತ್ರದ ಮನೆ ಮಾಡುತ್ತಿದ್ದಳು. ಅನಂತರ ಸಾಬೂನಿನ ಡಬ್ಬಿಯದು. ಈಗ ಕಡ್ಡಿಪೆಟ್ಟಿಗೆಯಷ್ಟು. ಮಗಳು ಪೊರಕೆ ಬರುವುದರೊಳಗೆ ಮುಗಿಯುವಂಥದ್ದನ್ನು ಮಾತ್ರ ಮಾಡಲು ಕಲಿಯುತ್ತಿದ್ದಳು. ಅವಳ ಕೈ ಚುರುಕಾಗಿತ್ತು, ಆಸೆ ಸಣ್ಣದಾಗುತ್ತಿತ್ತು. ಸಂಜೆ ಬಿಟ್ಟ ಕೆಲಸ ಬೆಳಿಗ್ಗೆ ಬಿಟ್ಟಲ್ಲಿಯೇ ಇರುವಂಥ ಒಂದು ಜಾಗವನ್ನು ಅವಳಿಗೆ ಕೊಡದಿದ್ದರೆ, ಮುಂದೆ ಕೊಟ್ಟರೂ ಅವಳಿಗೆ ಬೇಕಾಗದೆ ಹೋಗಬಹುದು ಎಂಬ ಭಯ ನನ್ನನ್ನು ಹಿಡಿಯಿತು.

“ಹುಡುಗರಿಗಿ ಒಂದು ಟೇಬಲ್ ಬೇಕ್ರಿ,” ಎಂದೆ ನಮ್ಮವರಿಗೆ. ಮೊಬೈಲಿನಲ್ಲಿ ನೋಡಿದ ಚಿತ್ರವನ್ನೂ ತೋರಿಸಿದೆ. ಬಿಳಿಯ ಮೇಜು, ಬಣ್ಣಕ್ಕೊಂದು ಗೂಡು, ಕತ್ತರಿಗೊಂದು ಕೊಕ್ಕೆ.

ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. “ಇದು ಪ್ಲಾಯ್‌ವುಡ್ ಅದ. ಶಹಾಬಾದ ಮಗ್ಗಲಿಗಿ ಇದ್ದು ಪ್ಲಾಯ್‌ವುಡ್ ತರೋದೇನು? ಹಿತ್ತಲದಾಗ ಫರಸಿ ನಿಂತದಲ್ಲ?”

ನಿಂತಿತ್ತು. ಮನೆ ಕಟ್ಟಿಸಿದಾಗ ಉಳಿದ ಒಂದು ದೊಡ್ಡ ಫರಸಿ ಗೋಡೆಗೆ ಒರಗಿ, ಓಣಿಯ ಆಡುಗಳಿಗೆ ನೆರಳಾಗಿ ನಿಂತಿತ್ತು. ಈ ಮಾತು ಎಷ್ಟು ಸಹಜವಾಗಿ ಕೇಳಿಸಿತೆಂದರೆ, ನನಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಬೇರೆ ಯಾವ ಜಿಲ್ಲೆಯ ತಾಯಿಯಾದರೂ ಅಲ್ಲಿಯೇ ತಡೆಯುತ್ತಿದ್ದಳೇನೋ. ನಾನು ನಕ್ಷೆ ಬರೆಯಲು ಕುಳಿತೆ.

ಮಕ್ಕಳೊಡನೆ ಸೇರಿ ಮಾಡಬೇಕು, ಅವರ ಅಳತೆಗೆ ಮಾಡಬೇಕು ಎಂಬುದು ನನ್ನ ಹಠವಾಗಿತ್ತು. ಇಬ್ಬರನ್ನೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಮೊಣಕೈಯ ಎತ್ತರವನ್ನು ಟೇಪಿನಿಂದ ಅಳೆದೆ. ಓಂಕಾರನು ಉಸಿರು ಬಿಗಿಹಿಡಿದು ಎತ್ತರವಾಗಲು ನೋಡಿದ್ದರಿಂದ ಮತ್ತೆ ಅಳೆಯಬೇಕಾಯಿತು. ಬೆಳೆಯುವ ಮಕ್ಕಳೆಂದು ತುಸು ಸೇರಿಸಿ, ಒಂದೂಕಾಲು ಅಡಿ ಎಂದು ನಿರ್ಧರಿಸಿದೆ. ಜಾಗ, ಬಾಗಿಲ ಪಕ್ಕದ ಗೋಡೆ. ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ. ಬಾಗಿಲ ಪಕ್ಕದಲ್ಲಿ, ಮೊಣಕಾಲೆತ್ತರದಲ್ಲಿ, ಎರಡು ಇಟ್ಟಿಗೆಯ ಗೋಡೆಗಳ ಮೇಲೆ ಒಂದು ಫರಸಿ. ಇದನ್ನು ಓದುತ್ತಿರುವ ನೀವು ನಮ್ಮ ಕಡೆಯವರಾಗಿದ್ದರೆ ಈಗಾಗಲೇ ನಗುತ್ತಿರಬಹುದು. ನನಗೆ ಮಾತ್ರ ಆಗ ಹೊಳೆಯಲಿಲ್ಲ; ನನ್ನ ಗಮನವೆಲ್ಲ ಮೊಣಕೈಯ ಮೇಲಿತ್ತು.

ಒಂದು ಭಾನುವಾರ ಕೆಲಸ ಆರಂಭವಾಯಿತು. ಸಿಮೆಂಟ್ ಕಾರ್ಖಾನೆಯವರ ಮನೆಯಲ್ಲಿ ಸಿಮೆಂಟ್ ಕಲಸುವುದು ದೊಡ್ಡ ಮಾತಲ್ಲ ಎಂದು ನಾವು ತಿಳಿದಿದ್ದೆವು. ನಮ್ಮವರು ನೀರು ಹೆಚ್ಚು ಹಾಕಿದರು. ಅದು ಸಾರಿನಂತಾಯಿತು. ಉಸುಕು ಹಾಕಿದರು. ಅದು ಒಗ್ಗರಣೆ ಹಾಕಿದ ಅವಲಕ್ಕಿಯಂತಾಯಿತು.

“ಪಪ್ಪಾ, ನೀವು ಫ್ಯಾಕ್ಟರಿದಾಗ ಇದೇ ಮಾಡ್ತೀರೇನು?” ಎಂದು ಓಂಕಾರ ಕೇಳಿದ.

“ನಾ ಕರೆಂಟ್ ನೋಡ್ತೀನಿ ಮಗಾ. ಸಿಮೆಂಟ್ ತನ್ನಷ್ಟಕ್ಕ ತಾ ಆಗ್ತದ.”

“ಹಾಂಗಿದ್ರ ಇದಕ್ಕೂ ಕರೆಂಟ್ ಕೊಡ್ರಿ.”

ಅತ್ತೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಸಹನಾ ಇಟ್ಟಿಗೆಗಳನ್ನು ನೀರಿನಲ್ಲಿ ಅದ್ದಿ ಒಂದೊಂದಾಗಿ ಕೊಟ್ಟಳು. ಓಂಕಾರ ಸಂದಿಗೆ ಸಿಮೆಂಟ್ ತುಂಬುವ ನೆಪದಲ್ಲಿ ತನ್ನ ಹೆಬ್ಬೆರಳಿನ ಗುರುತುಗಳನ್ನು ಉದ್ದಕ್ಕೂ ಒತ್ತಿದ. ಫರಸಿಯನ್ನು ಎತ್ತಲು ಎದುರು ಮನೆಯ ಹಣಮಂತ ಕಾಕಾ ಬಂದರು. ರೈಲ್ವೆಯಿಂದ ನಿವೃತ್ತರಾದವರು, ಯಾವ ಭಾರವನ್ನು ಎತ್ತಬೇಕಾದರೂ ಮೊದಲು ಸಿಳ್ಳೆ ಹಾಕುತ್ತಾರೆ. ಸಿಳ್ಳೆಗೆ ಎಲ್ಲರೂ ಸೇರಿ ಎತ್ತಿ ಕೂರಿಸಿದೆವು. ಸಿಮೆಂಟ್ ಗಟ್ಟಿಯಾಗಲು ನೀರು ಹಾಕುತ್ತಿರಬೇಕು ಎಂಬ ಮಾತನ್ನು ಮಕ್ಕಳು ದೈವಾಜ್ಞೆಯಂತೆ ಪಾಲಿಸಿದರು. ಶಾಲೆಗೆ ಹೋಗುವಾಗ ನೀರು, ಬಂದಾಗ ನೀರು, ಕನಸು ಬಿದ್ದು ಎದ್ದರೆ ನೀರು. ಪಡಸಾಲೆಯಲ್ಲಿ ನಡೆಯುವವರು ಗೋಡೆ ಹಿಡಿದು ನಡೆಯಬೇಕಾಯಿತು. ಆದರೆ ಆ ಕಲ್ಲು ಕೂತಿತು ನೋಡಿ, ಕೋಟೆಯ ಬಾಗಿಲ ಹಾಗೆ.

ಸಹನಾ ಅದರ ಮೇಲೆ ನಿಲ್ದಾಣವನ್ನು ಹರಡಿದಳು. ಮಂಚದ ಕೆಳಗಿನಿಂದ ಎಲ್ಲವೂ ಹೊರಬಂದಿತು. ಆ ದಿನ ಸಂಜೆ ಅವಳು ಪೊರಕೆಯ ಸದ್ದಿಗೆ ಏಳಲಿಲ್ಲ. ಅತ್ತೆಯವರು ಸುತ್ತ ಗುಡಿಸಿಕೊಂಡು ಹೋದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡಿ, ಜೋಳದ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಮಾರನೆಯ ದಿನ ಪಕ್ಕದ ಮನೆಯ ಕಾಶಮ್ಮನವರು ಬಂದರು. ಅತ್ತೆಯವರ ಓರಗೆಯವರು, ಮೊಣಕಾಲು ನೋವಿನವರು, ದಿನಾ ಒಂದು ಸುತ್ತು ನಮ್ಮ ಮನೆಗೆ ಬಂದು ಹೋಗುವವರು. ಬಾಗಿಲೊಳಗೆ ಕಾಲಿಟ್ಟವರೇ ಕಲ್ಲನ್ನು ನೋಡಿ ಮುಖ ಅರಳಿಸಿದರು.

“ಅಯ್ಯ, ಚಲೋ ಮಾಡೀರಿ ಬಿಡು ಶಾಂತಬಾಯಿ! ಒಂದು ಕಟ್ಟಿ ಬೇಕಾಗಿತ್ತು. ನಿಮ್ಮ ಸೋಫಾದಾಗ ಕುಂತ್ರ ನನಗ ಏಳ್ಲಿಕ ಬರಂಗಿಲ್ಲ.” ಹೀಗೆ ಹೇಳುತ್ತಲೇ, ಚಹಾದ ಗಾಡಿಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಕುಳಿತರು. “ಆಹಾ, ಏನ್ ತಂಪ ಅದ ಬೇ!”

ಆಗ ನನಗೆ ತಿಳಿಯಿತು. ನಾವು ಮೇಜು ಎಂದು ಕಟ್ಟಿದ್ದು ಕಟ್ಟೆಯನ್ನು. ಬಾಗಿಲ ಬದಿಯಲ್ಲಿ ಮೊಣಕಾಲೆತ್ತರಕ್ಕೆ ಫರಸಿ ಇದ್ದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಬನ್ನಿ, ಕುಳಿತುಕೊಳ್ಳಿ. ಅದೂ ನಮ್ಮ ಬೇಸಿಗೆಯಲ್ಲಿ, ಮಧ್ಯಾಹ್ನದ ಹೊತ್ತಿಗೆ ಕಾಗೆ ಕೂಡ ಹಾರಲು ಹಿಂಜರಿಯುವ ದಿನಗಳಲ್ಲಿ, ಆ ತಂಪಿನ ಕಲ್ಲು ಓಣಿಗೆಲ್ಲ ಕೈ ಬೀಸಿ ಕರೆಯುತ್ತಿತ್ತು. ಹಾಲು ತರುವವನು ಕುಳಿತ. ಗ್ಯಾಸ್ ತಂದವನು ಸಿಲಿಂಡರ್ ಸಹಿತ ಕುಳಿತ. ನಮ್ಮವರೇ ಬೂಟಿನ ಲೇಸು ಕಟ್ಟಲು ದಿನಾ ಅಲ್ಲಿ ಕುಳಿತುಕೊಳ್ಳತೊಡಗಿದರು. ನಾನು ಕಣ್ಣು ಬಿಟ್ಟು ನೋಡಿದರೆ, “ಹೇ, ಮರತೆ ನೋಡು,” ಎಂದು ಎದ್ದು, ಇನ್ನೊಂದು ಬೂಟಿಗೆ ಮತ್ತೆ ಕುಳಿತರು.

ನಾನು ಕಚೇರಿಯ ಮನುಷ್ಯಳಷ್ಟೆ. ನನಗೆ ತಿಳಿದ ಉಪಾಯ ಒಂದೇ. ಬಿಳಿಯ ಹಾಳೆಯ ಮೇಲೆ, ಗೆರೆ ಎಳೆದು, ‘ದಯವಿಟ್ಟು ಇದರ ಮೇಲೆ ಯಾರೂ ಕುಳಿತುಕೊಳ್ಳಬಾರದಾಗಿ ವಿನಂತಿ’ ಎಂದು ಬರೆದು ಕಲ್ಲಿನ ಅಂಚಿಗೆ ಅಂಟಿಸಿದೆ. ಓದಲು ಬಾರದ ಕಾಶಮ್ಮನವರು ಅದರ ಮೇಲೆಯೇ ಕುಳಿತರು. ಹಣಮಂತ ಕಾಕಾ ಓದಿದರು. ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ, ಕೊನೆಯ ತನಕ ಓದಿದರು.

“ಅಕ್ಷರ ಮುತ್ತಿನಂಗ ಅವ ನೋಡವ್ವ. ಈಗಿನ ಹುಡುಗರು ಹಿಂಗ ಬರಿಯಂಗಿಲ್ಲ,” ಎಂದು ಮೆಚ್ಚಿ, ಆ ಮೆಚ್ಚುಗೆಯ ಭರದಲ್ಲಿ ಕುಳಿತರು.

ಅವರ ಕೆಳಗಿನಿಂದ ಒಂದು ಸಣ್ಣ ಸದ್ದು ಬಂದಿತು. ಅದು ವಾಡಿ ನಿಲ್ದಾಣ. ಮೇಲ್ಸೇತುವೆ ಹಪ್ಪಳವಾಗಿತ್ತು.

ಕಾಕಾ ಬಹಳ ನೊಂದುಕೊಂಡರು. ಜೀವನವೆಲ್ಲ ರೈಲು ಕಾಯ್ದ ಮನುಷ್ಯ ಕೊನೆಗೆ ನಿಲ್ದಾಣದ ಮೇಲೆ ಕುಳಿತೆನಲ್ಲ ಎಂದು ತಲೆಗೆ ಕೈ ಹಚ್ಚಿದರು. ಸಹನಾ ಅಳಲಿಲ್ಲ. ಚಪ್ಪಟೆಯಾದದ್ದನ್ನು ಎತ್ತಿ ನೋಡಿ, “ಇರ್ಲಿ ಕಾಕಾ, ಹಳೇದಾಗಿತ್ತು,” ಎಂದು ಕಸದ ಬುಟ್ಟಿಗೆ ಹಾಕಿ ಆಡಲು ಹೊರಟುಹೋದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಕಳವಳವಾಗುತ್ತಿರಲಿಲ್ಲ.

“ನಿನ್ನ ಚೀಟಿ ಯಾರು ಕೇಳ್ತಾರ,” ಎಂದು ಅತ್ತೆಯವರು ಎದ್ದರು. “ನಾ ಮಾಡ್ತೀನಿ ನೋಡು. ಒಬ್ಬರು ಕುಂತ್ರ ನನಗ ಕೇಳು.”

ದೇವರ ಜಗಲಿಯಿಂದ ಬಟ್ಟಲು ತಂದು, ಕಲ್ಲಿನ ನಡುವೆ ಅರಿಶಿಣ ಹಚ್ಚಿ, ಅದರ ಮೇಲೆ ದುಂಡಗೆ ಕುಂಕುಮವಿಟ್ಟರು. ಅಷ್ಟೇ. ಮರುದಿನ ಹಾಲಿನವನು ನಿಂತೇ ಹಾಲು ಹಾಕಿದ. ಗ್ಯಾಸಿನವನು ಹೊರಗೆ ಕುಳಿತ. ನಮ್ಮವರು ಹೊಸ್ತಿಲಾಚೆ ಒಂಟಿಕಾಲಲ್ಲಿ ಕುಣಿಯುತ್ತಾ ಬೂಟು ಹಾಕಿಕೊಂಡರು. ಕಾಶಮ್ಮನವರು ಬಂದು, ಕಲ್ಲನ್ನು ನೋಡಿ, ಕೈಮುಗಿದು ಸೋಫಾದಲ್ಲಿ ಮುಳುಗಿದರು. ಪದವಿಯಿಂದ ಆಗದ ಕೆಲಸ ಚಿಟಿಕೆ ಕುಂಕುಮದಿಂದ ಆಯಿತೆಂದು ನಾನು ಅತ್ತೆಯವರನ್ನು ಮನಸಾರೆ ಹೊಗಳಿದೆ.

ಆದರೆ ಕೈಮುಗಿದವರು ಅಷ್ಟಕ್ಕೆ ನಿಲ್ಲುವುದಿಲ್ಲ. ಒಂದು ದಿನ ಕಚೇರಿಯಿಂದ ಬಂದಾಗ ಕಲ್ಲಿನ ಮೇಲೆ ಎರಡು ಕಣಗಿಲೆ ಹೂವಿದ್ದವು. ಇನ್ನೊಂದು ದಿನ ಊದುಬತ್ತಿ ಇತ್ತು. ಸೋಮವಾರ ಓಣಿಯ ಹೆಣ್ಣುಮಕ್ಕಳು ಮಿಂದು ಬಂದು, ನಮ್ಮ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದರು.

“ಯಾವ ದೇವ್ರು ಬೇ ಇದು, ಶಾಂತಬಾಯಿ?” ಎಂದು ಒಬ್ಬರು ಕೇಳಿದರು.

ಅತ್ತೆಯವರು ನನ್ನ ಕಡೆ ನೋಡಿದರು. ನಾನು ಮಾಳಿಗೆಯ ಕಡೆ ನೋಡಿದೆ. “ಮನಿ ದೇವ್ರು,” ಎಂದರು ಅತ್ತೆ ಕೊನೆಗೆ, ಯಾರಿಗೂ ಸರಿಯಾಗಿ ಕೇಳಿಸದಂತೆ.

“ಪಪ್ಪಾ ಸಿಮೆಂಟ್ ಕಲಸಿ ಮಾಡಿದ ದೇವ್ರು!” ಎಂದು ಓಂಕಾರ ಕೂಗಿದ. ನಾನು ಅವನ ಬಾಯಿಗೆ ಪ್ರಸಾದ ತುಂಬಿದೆ.

ಇನ್ನು ಅದರ ಮೇಲೆ ಗೋಂದು ಹಚ್ಚುವವರು ಯಾರು? ಸಹನಾ ಒಮ್ಮೆ ಕಾಗದ, ಕತ್ತರಿ ಹಿಡಿದು ಹತ್ತಿರ ಹೋದಳು. ಕಾಶಮ್ಮನವರು ಸೋಫಾದೊಳಗಿನಿಂದಲೇ ಹೌಹಾರಿದರು: “ಏ ಹುಡುಗಿ! ದೇವ್ರ ಕಲ್ಲಿಗಿ ಕತ್ತರಿ ಹಚ್ತೀ ಏನು? ಕೈ ತೊಳಕೊಂಡು ಬಾ ಮೊದಲ, ಕತ್ತರಿ ಒಳಗಿಟ್ಟು ಬಾ.” ಮಗಳು ಕತ್ತರಿಯನ್ನು ಒಳಗಿಟ್ಟಳು. ಮತ್ತೆ ಹೊರಗೆ ತೆಗೆಯಲಿಲ್ಲ. ಮೇಜು ಮೊದಲು ಕಟ್ಟೆಯಾಗಿತ್ತು, ಈಗ ಗುಡಿಯಾಯಿತು. ಮೇಜು ಮಾತ್ರ ಆಗಲಿಲ್ಲ. ಮಕ್ಕಳು ಮತ್ತೆ ನೆಲಕ್ಕೆ ಬಂದರು, ಪೊರಕೆ ಮತ್ತೆ ಸಂಜೆಗೆ ಬಂದಿತು.

ಆ ವಾರದಲ್ಲಿ ಒಂದು ಸಂಜೆ ಸಹನಾ ತನ್ನ ಆಯಿಯ ಮುಂದೆ ಒಂದು ಕಡ್ಡಿಪೆಟ್ಟಿಗೆ ಹಿಡಿದಳು. “ಆಯಿ, ಇದು ನಿಮ್ಮ ಸಂಚಿದಾಗ ಇಟಗೋರಿ.”

ಅತ್ತೆಯವರು ಎಲೆಅಡಿಕೆಯ ಸಂಚಿ ಬಿಚ್ಚುತ್ತಾ ಪೆಟ್ಟಿಗೆಯನ್ನು ತೆರೆದರು. ಒಳಗೆ ಇಡೀ ನಿಲ್ದಾಣವಿತ್ತು. ಮೇಲ್ಸೇತುವೆ ಒಂದು ಕಡ್ಡಿ. ಗಡಿಯಾರ ಒಂದು ಸಾಸಿವೆ ಕಾಳು. ಚಹಾದ ಗಾಡಿ ಕಣ್ಣಿಗೆ ಕಾಣುವಂತಿರಲಿಲ್ಲ, ಅವಳೇ ಬೆರಳಿಟ್ಟು ತೋರಿಸಿದಳು.

“ಎಷ್ಟು ಚಂದ ಮಾಡೀ ನಮ್ಮವ್ವ! ಖರೇ, ಇಷ್ಟು ಸಣ್ಣದು ಯಾಕ ಮಾಡೀ?”

“ಇದರ ಮ್ಯಾಲ ಯಾರಿಗೂ ಕುಂದ್ರಲಿಕ ಬರಂಗಿಲ್ಲ, ಆಯಿ.”

ಅವಳು ದೂರು ಹೇಳುವ ಧ್ವನಿಯಲ್ಲಿ ಹೇಳಲಿಲ್ಲ. ಒಳ್ಳೆಯ ಉಪಾಯ ಹುಡುಕಿದವರ ಧ್ವನಿಯಲ್ಲಿ ಹೇಳಿದಳು. ಅತ್ತೆಯವರು ಪೆಟ್ಟಿಗೆ ಮುಚ್ಚಿದರು. ಎಲೆ ಹಾಕಿಕೊಳ್ಳುವುದನ್ನು ಮರೆತು ಸಂಚಿಯನ್ನೂ ಮುಚ್ಚಿದರು. ಆ ಸಂಜೆ ಅವರು ಪಡಸಾಲೆಯನ್ನು ಗುಡಿಸದೆಯೇ ದೀಪ ಹಚ್ಚಿದರು. ನಾನು ಈ ಮನೆಗೆ ಬಂದ ಮೇಲೆ ಹಾಗೆ ಆದದ್ದನ್ನು ನೋಡಿರಲಿಲ್ಲ.

ಬೆಳಿಗ್ಗೆ ಅವರೇ ಹೋಗಿ ಕಾಶಮ್ಮನವರನ್ನು ಕರೆತಂದರು. “ಕಾಶಿ, ದೇವ್ರನ್ನ ಇಲ್ಲಿಂದ ಎಬ್ಬಸಬೇಕಾಗ್ಯದ. ನಮ್ಮ ಹುಡುಗರಿಗಿ ಜಾಗಾ ಇಲ್ಲ.”

ಕಾಶಮ್ಮನವರು ಗಾಬರಿಯಾದರು. “ಕೂಡಿಸಿದ ದೇವ್ರನ್ನ ಹಾಂಗೇ ಎಬ್ಬಸ್ತಾರೇನು? ಗಣಪತಿಗಿ ಜಾಗಾ ಬಿಡಸೋ ಮುಂದ ಜರಾ ಸರಸ್ತೀವಿಲ್ಲೊ? ಹಾಂಗ ಸರಸಬೇಕು. ಒಂದು ಎಳಿಯಷ್ಟರ ಸರಿಬೇಕು.”

ಶಾಸ್ತ್ರ ಸರಿಯಾಗಿಯೇ ಇತ್ತು. ನಮ್ಮವರು ಭುಜ ಕೊಟ್ಟು ದೂಡಿದರು. ಕಲ್ಲು ಸರಿಯಲಿಲ್ಲ. ಹಣಮಂತ ಕಾಕಾ ಬಂದು ಸಿಳ್ಳೆ ಹಾಕಿದರು. ನಾನೂ ಸೆರಗು ಸಿಕ್ಕಿಸಿ ಕೈ ಹಚ್ಚಿದೆ. ಓಂಕಾರ ನಮ್ಮವರನ್ನೇ ಹಿಂದಿನಿಂದ ದೂಡಿದ. ಕಲ್ಲು ಹಾಗೆಯೇ ಇತ್ತು; ಸರಿದದ್ದು ಕಾಕಾ ಅವರ ಧೋತರ ಮಾತ್ರ.

“ಇದಕ ಇಂಜಿನ್ ಬೇಕು,” ಎಂದು ಕಾಕಾ ಏದುಸಿರು ಬಿಟ್ಟರು.

“ನಾ ನೀರ ಹಾಕೀನಲ್ಲ, ಅದಕ್ಕ ಗಟ್ಟಿ ಆಗ್ಯದ,” ಎಂದು ಓಂಕಾರ ಹೆಮ್ಮೆಯಿಂದ ಎಲ್ಲರಿಗೂ ತಿಳಿಸಿದ.

“ಕಬ್ಬಣದ ಹಾರಿ ಹಾಕಿ ಒಡಿಯೂಣೇನು?” ಎಂದರು ನಮ್ಮವರು. ಒಡೆದರೆ ಮೇಜೂ ಇಲ್ಲ, ಕಟ್ಟೆಯೂ ಇಲ್ಲ, ಬಿಟ್ಟರೆ ಗುಡಿ.

ಆಗ ಸಹನಾ ಕಲ್ಲಿನ ಹತ್ತಿರ ಬಂದು ಮೊಣಕಾಲೂರಿ ಕುಳಿತು, ಕುಂಕುಮವನ್ನು ದಿಟ್ಟಿಸಿ ನೋಡಿದಳು. ಕೈಗೆಲಸದವರು ಒಂದು ವಸ್ತುವನ್ನು ನೋಡುವ ರೀತಿಯೇ ಬೇರೆ; ಅದು ಹೇಗೆ ಅಂಟಿದೆ, ಹೇಗೆ ಬಿಡುತ್ತದೆ ಎಂದು ನೋಡುತ್ತಾರೆ. “ಆಯಿ, ಕಲ್ಲು ಯಾಕ ಸರಸ್ಬೇಕು? ದೇವ್ರು ಈ ಕುಂಕುಮದಾಗ ಇದ್ದಾನ ಇಲ್ಲೊ?”

“ಹೌದವ್ವ, ಹಾಂಗೇ ತಿಳಿ.”

“ಹಾಂಗಿದ್ರ ನಾ ಕುಂಕುಮ ಎತ್ತಿ ಕೊಡ್ಲೇನು?”

ಅತ್ತೆಯವರು ಕಾಶಮ್ಮನವರ ಮುಖ ನೋಡಿದರು. ಕಾಶಮ್ಮನವರು, “ಕೈ ತೊಳಕೊಂಡಿ ಏನು?” ಎಂದು ಮಾತ್ರ ಕೇಳಿದರು.

ತೊಳೆದುಕೊಂಡು ಬಂದಳು. ಹೊಸ ಡ್ರಾಯಿಂಗ್ ಹಾಳೆಯಿಂದ ದುಂಡಗೆ ಒಂದು ತುಂಡು ಕತ್ತರಿಸಿದಳು. ಗೋಂದನ್ನು ಬೆರಳ ತುದಿಯಿಂದ ಎಷ್ಟು ತೆಳ್ಳಗೆ ಸವರಿದಳೆಂದರೆ, ದೊಡ್ಡವರಾದ ನಾವೆಲ್ಲ ನಮಗರಿವಿಲ್ಲದೆ ಬಗ್ಗಿದೆವು. ಹಾಳೆಯನ್ನು ಕುಂಕುಮದ ಮೇಲೆ ಇಟ್ಟು ನಡುವಿನಿಂದ ಅಂಚಿಗೆ ಒತ್ತಿದಳು. ಓಂಕಾರ ಊದಲು ಹೋದ. ಕಾಕಾ ಅವನನ್ನು ಎತ್ತಿ ಹಿಡಿದುಕೊಂಡರು. ಕಾದಳು. ಅನಂತರ ಒಂದು ಅಂಚಿನಿಂದ ನಿಧಾನವಾಗಿ ಬಿಡಿಸತೊಡಗಿದಳು. ಹಾಳೆ ಬಂದಿತು. ಅದರೊಡನೆ ಅರಿಶಿಣ ಬಂದಿತು, ಕುಂಕುಮ ಬಂದಿತು, ಒಂದು ಕಡೆಯೂ ಹರಿಯದೆ, ಪೂರ್ತಿ ದುಂಡಗೆ. ಕಲ್ಲಿನ ಮೇಲೆ ತೆಳುವಾದ ಹಳದಿಯ ಗುರುತು ಮಾತ್ರ ಉಳಿಯಿತು.

“ಬಂದ್ನಲ್ಲೊ ನಮ್ಮಪ್ಪ!” ಎಂದು ಕಾಶಮ್ಮನವರು ಕೈಮುಗಿದರು. ದೇವರಿಗೆ ಮುಗಿದರೋ ಮಗಳಿಗೆ ಮುಗಿದರೋ ತಿಳಿಯಲಿಲ್ಲ. ಅತ್ತೆಯವರು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಗೆ ಒಯ್ದು ಇಟ್ಟು, ತೆಂಗಿನಕಾಯಿ ಒಡೆದು, ಓಣಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದರು. ಬಾರದೆ ಇದ್ದ ದೇವರನ್ನು ಇಷ್ಟು ಮರ್ಯಾದೆಯಿಂದ ಕಳುಹಿಸಿದ ಮನೆ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಇರಲಾರದು.

ಇನ್ನು ಕುಳಿತುಕೊಳ್ಳುವವರ ಮಾತು. ದೇವರು ಎದ್ದ ಮೇಲೆ ಮನುಷ್ಯರು ಮತ್ತೆ ಬಂದೇ ಬರುತ್ತಾರಲ್ಲ? ಅದಕ್ಕೆ ಅತ್ತೆಯವರು ಯಾರನ್ನೂ ಕೇಳದೆ ಒಂದು ಏರ್ಪಾಡು ಮಾಡಿದರು. ಹಳೆಯ ಸೀರೆಗಳ ಗಂಟನ್ನು ಬಿಚ್ಚಿ, ಕಲ್ಲಿನ ಒಂದು ಬದಿಯಲ್ಲಿ ನೆಲದ ಮೇಲೆ ಗೋಡೆಗೆ ಒರಗಿ ಕುಳಿತು, ಕೌದಿ ಹೊಲಿಯಲು ಆರಂಭಿಸಿದರು. ತುಂಡುಗಳನ್ನು ಕಲ್ಲಿನ ಮೇಲೆ ಹರಡಿ ಬಣ್ಣ ಹೊಂದಿಸಿದರು. “ಬಾ ಸಹನಾ, ಆ ಕಡಿ ನಿಂದು, ಈ ಕಡಿ ನಂದು,” ಎಂದರು. ಮನೆಯ ಹಿರಿಯಳು ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿರುವಾಗ ಅವಳ ಮುಖದ ಮುಂದೆ, ಅವಳಿಗಿಂತ ಎತ್ತರದಲ್ಲಿ, ಅವಳ ಕೆಲಸದ ಮೇಲೆಯೇ ಕುಳಿತುಕೊಳ್ಳುವವರು ನಮ್ಮ ಕಡೆ ಇಲ್ಲ. ಹಾಲಿನವನು ನಿಂತ. ನಮ್ಮವರು ಬೂಟಿಗೆ ಒಂದು ಸ್ಟೂಲು ತಂದುಕೊಂಡರು. ಕಾಶಮ್ಮನವರಿಗೆ ಮೊಣಕಾಲಿನ ಅಳತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂದಿತು. ಅವರು ಅದರಲ್ಲಿ ಕುಳಿತು ದೀಪದ ಬತ್ತಿ ಹೊಸೆಯುತ್ತಾ, “ಆ ಕೆಂಪು ತುಣುಕು ಇಲ್ಲಿ ಹಚ್ಚು ಶಾಂತಬಾಯಿ, ನಿನಗ ಬಣ್ಣ ತಿಳಿಯಂಗಿಲ್ಲ,” ಎಂದು ಮೇಲ್ವಿಚಾರಣೆ ಮಾಡುತ್ತಾರೆ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದುದನ್ನು ಇದ್ದಂತೆ ಹೇಳಿಬಿಡುತ್ತೇನೆ. ನಮ್ಮ ಊಟ ಪಡಸಾಲೆಯಿಂದ ಅಡುಗೆಮನೆಗೆ ಹೋಯಿತು, ಇಕ್ಕಟ್ಟಾಗುತ್ತದೆ, ಅಭ್ಯಾಸವಾಗಿದೆ. ಅತ್ತೆಯವರು ಗುಡಿಸುವಾಗ ಸಹನಾ ಏಳುವುದಿಲ್ಲ, ಅವರು ಏಳಿಸುವುದೂ ಇಲ್ಲ. ಕೌದಿಯ ಅರ್ಧ ಭಾಗ, ಗೋಂದು ಆರದ ಕಾಗದದ ಮೀನು, ಯಾರದೋ ಅರ್ಧ ಬಣ್ಣದ ಹಡಗು, ಓಂಕಾರನ ಒಂದು ಹಲ್ಲು ಸಹ, ಅಲ್ಲಿ ದಿನಗಟ್ಟಲೆ ಇರುತ್ತವೆ. ಸಹನಾ ವಾಡಿ ನಿಲ್ದಾಣವನ್ನು ಮತ್ತೆ ಮೊದಲಿನಿಂದ ಆರಂಭಿಸಿದಳು. ಅದು ಕಲ್ಲಿನ ಅರ್ಧ ಭಾಗವನ್ನು ಆಕ್ರಮಿಸಿ, ಈಗ ಚಿತ್ತಾಪುರದ ಕಡೆ ಹಳಿ ಬೆಳೆಸುತ್ತಿದೆ. ಹೋದ ವಾರ ಕಾಶಮ್ಮನವರ ಮನೆಗೆ ಹೊಸ ಫ್ರಿಜ್ ಬಂದಾಗ ಅವಳು ಓಡಿಹೋಗಿ, ಅದರ ರಟ್ಟಿನ ಡಬ್ಬಿ ತನಗೆ ಬೇಕೆಂದು ಕೇಳಿದಳು. ಅದು ಅವಳಿಗಿಂತ ಎತ್ತರವಾಗಿದೆ. ಏನು ಮಾಡುತ್ತೀ ಎಂದು ಕೇಳಿದರೆ ಇನ್ನೂ ಯೋಚಿಸಿಲ್ಲ ಎನ್ನುತ್ತಾಳೆ. ಸದ್ಯಕ್ಕೆ ನಾವೆಲ್ಲರೂ ಅದರ ಪಕ್ಕದಲ್ಲಿ ಓರೆಯಾಗಿ ನಡೆದು ಅಡುಗೆಮನೆಗೆ ಹೋಗುತ್ತಿದ್ದೇವೆ.